ಹಳದಿ ಸ್ಕ್ವಾಶ್ ಚೀಸ್ ಕ್ಯಾಸರೋಲ್: ನೀರು ತೆಗೆದ್ರೆ ಅರ್ಧ ಅಡುಗೆ ಮುಗೀತು

ಅಮೆರಿಕದ ದಕ್ಷಿಣದ ಕಡೆ, ಅಂದ್ರೆ ಜಾರ್ಜಿಯಾ, ಅಲಬಾಮಾ, ಟೆನೆಸ್ಸಿ, ಎರಡೂ ಕ್ಯಾರೊಲೈನಾಗಳಲ್ಲಿ ಇರೋ ನಮ್ಮೋರಿಗೆ ಇದು ಹೊಸದೇನಲ್ಲ, ಜೂನ್ ಬಂತು ಅಂದ್ರೆ ಸಾಕು ಎಲ್ಲಿ ನೋಡಿದ್ರೂ ಹಳದಿ ಸ್ಕ್ವಾಶ್, ನಮ್ಮ ಸೋರೆ ಸೌತೆ ಕುಟುಂಬದ ಕಾಯಿ. ಕತ್ತು ಕೊಂಕಿಸ್ಕೊಂಡು ಹೊಟ್ಟೆ ಡುಮ್ಮಗೆ ಇರುತ್ತಲ್ಲ, ಅದೇ, ಕ್ರುಕ್‌ನೆಕ್ ಅಂತಾರೆ. ಹಿತ್ತಲಲ್ಲಿ ಎರಡು ಗಿಡ ಹಾಕಿದ್ರೆ ಮುಗೀತು, ಕುಯ್ದಷ್ಟೂ ಬಿಡುತ್ತೆ, ಒಂದು ವೀಕೆಂಡ್ ಊರಿಗೆ ಹೋಗಿ ಬರೋಷ್ಟರಲ್ಲಿ ಎಲೆ ಕೆಳಗೆ ಅವಿತ್ಕೊಂಡಿದ್ದ ಕಾಯಿ ಮೊಣಕೈ ಉದ್ದ ಆಗಿರುತ್ತೆ. ಇದರ ತಂಗಿ ಝುಕಿನಿ ಕಥೇನೂ ಅಷ್ಟೇ, ಆಗಸ್ಟ್ 8ನೇ ತಾರೀಖನ್ನ ಅಲ್ಲಿ ತಮಾಷೆಗೆ 'ಪಕ್ಕದ ಮನೆ ಬಾಗಿಲಿಗೆ ಗುಟ್ಟಾಗಿ ಝುಕಿನಿ ಇಟ್ಟು ಬರೋ ದಿನ' ಅಂತಾನೇ ಮಾಡ್ಕೊಂಡಿದ್ದಾರೆ. ಹುಳಿ ಆಯ್ತು, ಪಲ್ಯ ಆಯ್ತು, ಮಜ್ಜಿಗೆ ಹುಳಿ ಆಯ್ತು, ದೋಸೆ ಹಿಟ್ಟಿಗೂ ತುರಿದು ಹಾಕಿದ್ದಾಯ್ತು, ಇನ್ನೂ ಡಬ್ಬಿ ತುಂಬಾ ಇದೆ ಅನ್ನೋರಿಗೆ ಈ ರೆಸಿಪಿ.

ಸ್ಕ್ವಾಶ್ ಕ್ಯಾಸರೋಲ್ ಅಂದ್ರೆ ಬೇರೇನಿಲ್ಲ, ಸ್ಕ್ವಾಶನ್ನ ಈರುಳ್ಳಿ ಜೊತೆ ಬೇಯಿಸಿ, ಚೀಸ್, ಸವರ್ ಕ್ರೀಮ್, ಮೊಟ್ಟೆ ಕಲಸಿ, ಮೇಲೆ ಬಿಸ್ಕತ್ ಪುಡಿ ಉದುರಿಸಿ ಓವನ್‌ಗೆ ಇಡೋದು. ಅಲ್ಲಿನ ಚರ್ಚ್ ಊಟಗಳಲ್ಲಿ, ಥ್ಯಾಂಕ್ಸ್‌ಗಿವಿಂಗ್ ಟೇಬಲ್ ಮೇಲೆ ಇದು ಇದ್ದೇ ಇರುತ್ತೆ. ಒಂದು ಮಾಂಸ ಮೂರು ತರಕಾರಿ ಅಂತ ಪ್ಲೇಟ್ ಕೊಡೋ ಹಳೇ ಕಾಲದ ಹೋಟೆಲ್‌ಗಳಲ್ಲಿ ತರಕಾರಿ ಪಟ್ಟಿಯಲ್ಲಿ ಇದರ ಹೆಸರು ಇರುತ್ತೆ, ಆ ಪಟ್ಟಿಯಲ್ಲೇ ಮ್ಯಾಕರೋನಿ ಚೀಸ್ ಕೂಡ ತರಕಾರಿ ಅಂತ ಕೂತಿರುತ್ತೆ, ಅದು ಬೇರೆ ವಿಷಯ.

ಮಾಡೋದು ಸುಲಭ, ಕೆಡೋದು ಇನ್ನೂ ಸುಲಭ. ಯಾಕಂದ್ರೆ ಈ ಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ. ಹಸಿ ಹೋಳನ್ನ ಸೀದಾ ಟ್ರೇಗೆ ಜೋಡಿಸಿ ಚೀಸ್ ಸುರಿದು ಓವನ್‌ಗೆ ತಳ್ಳಿದ್ರೆ ಮೇಲೆ ನೋಡೋಕೆ ಚೆನ್ನಾಗೇ ಇರುತ್ತೆ, ಸ್ಪೂನ್ ಹಾಕಿದ ತಕ್ಷಣ ಕೆಳಗಿಂದ ಹಳದಿ ನೀರು ಬರುತ್ತೆ, ಚೀಸ್ ಒಂದು ಕಡೆ ಎಣ್ಣೆ ಒಂದು ಕಡೆ. ನೆಟ್‌ನಲ್ಲಿ ಸಿಗೋ ಬಹಳಷ್ಟು ರೆಸಿಪಿಗಳು ಚೀಸ್ ಬಗ್ಗೆ ಪುಟಗಟ್ಟಲೆ ಹೇಳ್ತವೆ, ನೀರಿನ ಬಗ್ಗೆ ಒಂದು ಸಾಲು. ಇಲ್ಲಿ ಉಲ್ಟಾ ಇರುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ಕಾಯಿ ಆರಿಸೋದು

ಆರರಿಂದ ಎಂಟು ಇಂಚು ಉದ್ದದ ಎಳೆ ಕಾಯಿ ತಗೊಳ್ಳಿ. ಊರಲ್ಲಿ ಸೋರೆಕಾಯಿ ಕೊಳ್ಳೋವಾಗ ಅಂಗಡಿಯವ್ರು ಆ ಕಡೆ ತಿರುಗಿದಾಗ ಉಗುರು ಚುಚ್ಚಿ ನೋಡ್ತೀವಲ್ಲ, ಅದೇ ಪರೀಕ್ಷೆ ಇಲ್ಲೂ ನಡೆಯುತ್ತೆ: ಉಗುರು ಸಲೀಸಾಗಿ ಇಳಿದ್ರೆ ಎಳೇದು. ಸಿಪ್ಪೆ ಮಿಂಚ್ತಾ ಇರ್ಬೇಕು, ಕೈಯಲ್ಲಿ ಹಿಡಿದ್ರೆ ಗಾತ್ರಕ್ಕಿಂತ ಭಾರ ಅನ್ನಿಸ್ಬೇಕು. ಬಲಿತ ಕಾಯಿ ಒಳಗೆ ಬೆಂಡಾಗಿರುತ್ತೆ, ಬೀಜ ಹಲ್ಲಿಗೆ ಸಿಗುತ್ತೆ, ಅಂಥದ್ದು ಇದ್ರೆ ಉದ್ದಕ್ಕೆ ಸೀಳಿ ಸ್ಪೂನ್‌ನಲ್ಲಿ ತಿರುಳು ಬೀಜ ಕೆರೆದು ಬಿಸಾಕಿ ಉಳಿದಿದ್ದನ್ನ ಉಪಯೋಗಿಸ್ಬಹುದು. ಎಳೇದಾದ್ರೆ ಸಿಪ್ಪೆ ತೆಗೆಯೋದೇ ಬೇಡ, ಬಣ್ಣ ಅಲ್ಲೇ ಇರೋದು.

ಇನ್ನೊಂದು ವಿಷಯ, ಇದನ್ನ ಮಾತ್ರ ಮರೀಬೇಡಿ. ಹೆಚ್ಚೋ ಮುಂಚೆ ಪ್ರತಿ ಕಾಯಿಯಿಂದ್ಲೂ ಒಂದು ಚೂರು ಕತ್ತರಿಸಿ ನಾಲಿಗೆ ಮೇಲಿಟ್ಟು ನೋಡಿ. ಕಹಿ ಇದ್ರೆ ಉಗಿದು ಇಡೀ ಕಾಯನ್ನ ಕಸಕ್ಕೆ ಹಾಕಿ. ಸೋರೆ, ಸೌತೆ, ಸ್ಕ್ವಾಶ್ ಎಲ್ಲಾ ಒಂದೇ ಕುಟುಂಬ, ಕಹಿ ಸೋರೆಕಾಯಿ ಜ್ಯೂಸ್ ಕುಡಿದು ಜನ ಆಸ್ಪತ್ರೆ ಸೇರಿದ್ದನ್ನ ನೀವೂ ಪೇಪರಲ್ಲಿ ಓದಿರ್ತೀರ, ಅದೇ ಕುಕುರ್ಬಿಟಾಸಿನ್ ಅನ್ನೋ ವಿಷ ಇದರಲ್ಲೂ ಕೆಲವು ಸಲ ಬರುತ್ತೆ, ಬೇಯಿಸಿದ್ರೆ ಹೋಗಲ್ಲ. 2015ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮನೆಯಲ್ಲೇ ಬೆಳೆದ ಕಹಿ ಝುಕಿನಿ ತಿಂದು ಒಬ್ಬ ವಯಸ್ಸಾದವ್ರು ತೀರ್ಕೊಂಡ್ರು. ಅಂಗಡಿ ಕಾಯಲ್ಲಿ ಇದು ತುಂಬಾ ಅಪರೂಪ, ಮನೆಯಲ್ಲಿ ಹೋದ ವರ್ಷದ ಕಾಯಿಯಿಂದ ಬೀಜ ಎತ್ತಿಟ್ಟು ಹಾಕಿದ ಗಿಡ, ತಾನಾಗೇ ಹುಟ್ಕೊಂಡ ಗಿಡ, ಇವುಗಳಲ್ಲೇ ಜಾಸ್ತಿ, ಯಾಕಂದ್ರೆ ಪಕ್ಕದ ಕಾಡು ತಳಿ ಅಥವಾ ಅಲಂಕಾರಕ್ಕೆ ಬೆಳೆಯೋ ತಳಿ ಜೊತೆ ಪರಾಗಸ್ಪರ್ಶ ಆಗಿರುತ್ತೆ. ಉಪ್ಪು ಖಾರ ಚೀಸ್ ಹಾಕಿದ್ರೆ ಸರಿಹೋಗುತ್ತೆ ಬಿಡು ಅನ್ನೋ ಮಾತು ಇಲ್ಲಿ ಬೇಡ.

ಏನೇನು ಬೇಕು

ಆರೇಳು ಜನಕ್ಕೆ ಲೆಕ್ಕ ಹೇಳ್ತೀನಿ. ಸ್ಕ್ವಾಶ್ ಎರಡು ಪೌಂಡ್, ಅಂದ್ರೆ 900 ಗ್ರಾಂ ಹತ್ರ, ಮಧ್ಯಮ ಗಾತ್ರದ್ದು ಐದಾರು ಕಾಯಿ ಬರುತ್ತೆ. ದೊಡ್ಡ ಈರುಳ್ಳಿ ಒಂದು. ಬೆಣ್ಣೆ ಒಟ್ಟು ನಾಲ್ಕು ಟೇಬಲ್ ಸ್ಪೂನ್, ಎರಡು ಬಾಡಿಸೋಕೆ ಎರಡು ಮೇಲಿನ ಪುಡಿಗೆ. ತುರಿದ ಶಾರ್ಪ್ ಚೆಡ್ಡರ್, ಅಂದ್ರೆ ಹಳತಾಗಿ ರುಚಿ ಗಾಢವಾದ ಚೀಸ್, ಎರಡು ಕಪ್, 200 ಗ್ರಾಂ ಬ್ಲಾಕ್ ಒಂದು ತುರಿದ್ರೆ ಸರಿಯಾಗುತ್ತೆ. ಸವರ್ ಕ್ರೀಮ್ ಅರ್ಧ ಕಪ್, ಅದಿಲ್ಲದಿದ್ರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು. ಮಯೋನೀಸ್ ಕಾಲು ಕಪ್. ಮೊಟ್ಟೆ ಎರಡು. ಕಾಳುಮೆಣಸು ಆಗಷ್ಟೇ ಕುಟ್ಟಿದ್ದು. ಬೆಳ್ಳುಳ್ಳಿ ಎರಡು ಎಸಳು ಬೇಕಾದ್ರೆ. ಮೇಲಕ್ಕೆ ರಿಟ್ಸ್ ಕ್ರ್ಯಾಕರ್ ಅನ್ನೋ ಉಪ್ಪು ಬಿಸ್ಕತ್ ಒಂದು ಉದ್ದ ಪೊಟ್ಟಣ. ಉಪ್ಪು ನೀರಿಳಿಸೋಕೆ ಒಂದೂವರೆ ಟೀ ಸ್ಪೂನ್, ಆಮೇಲೆ ಒಂದು ಚಿಟಿಕೆನೂ ಬೇಡ, ಚೀಸಲ್ಲೂ ಉಪ್ಪು, ಬಿಸ್ಕತ್ತಲ್ಲೂ ಉಪ್ಪು, ಮಯೋನೀಸಲ್ಲೂ ಉಪ್ಪು.

ಚೀಸ್ ಬಗ್ಗೆ ಎರಡು ಮಾತು. ಪ್ಯಾಕೆಟ್‌ನಲ್ಲಿ ತುರಿದೇ ಬರೋದನ್ನ ತಗೋಬೇಡಿ, ಒಂದಕ್ಕೊಂದು ಅಂಟದೇ ಇರ್ಲಿ ಅಂತ ಅದಕ್ಕೆ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಸವರಿರ್ತಾರೆ, ಕರಗಿದಾಗ ನುಣ್ಣಗೆ ಬರಲ್ಲ. ಬ್ಲಾಕ್ ತಂದು ತುರ್ಕೊಳ್ಳಿ, ಐದು ನಿಮಿಷದ ಕೆಲಸ. ಬರೀ ಮೊಝರೆಲ್ಲಾ ಹಾಕಿದ್ರೆ ಎಳೆ ಎಳೆಯಾಗಿ ಬರುತ್ತೆ, ಫೋಟೋಗೆ ಚೆನ್ನಾಗಿರುತ್ತೆ, ರುಚಿ ಸಪ್ಪೆ, ಸ್ಕ್ವಾಶ್ ಮೊದಲೇ ಸಪ್ಪೆ ಕಾಯಿ. ಇನ್ನು ಪಕ್ಕಾ ಸಸ್ಯಾಹಾರಿಗಳಿಗೆ: ಚೀಸ್ ಹೆಪ್ಪಾಗಿಸೋಕೆ ಹಾಕೋ ರೆನೆಟ್ ಕೆಲವದರಲ್ಲಿ ಕರುವಿನ ಹೊಟ್ಟೆಯಿಂದ ತೆಗೆದಿದ್ದು. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ನಿಯಮದ ಪ್ರಕಾರ ಅದೇ ಹಾಕ್ಬೇಕು. ಹಾಗಾಗಿ ಲೇಬಲ್‌ನಲ್ಲಿ ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ ಅಂತ ಇದ್ಯಾ ನೋಡ್ಕೊಂಡು ತಗೊಳ್ಳಿ. ಇಂಡಿಯಾದಲ್ಲಿ ಇರೋರು ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿದ್ರೆ ಸಾಕು.

ನೀರಿಳಿಸೋದು, ಅಸಲಿ ಕೆಲಸ ಇಲ್ಲಿದೆ

ಕಾಯನ್ನ ಕಾಲಿಂಚು ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಹೊಟ್ಟೆ ಭಾಗ ತುಂಬಾ ಅಗಲ ಇದ್ರೆ ಅದನ್ನ ಅರ್ಧ ಮಾಡಿ. ತೀರಾ ತೆಳ್ಳಗೆ ಹೆಚ್ಚಿದ್ರೆ ಬಾಡಿಸೋವಾಗ ಕರಗಿ ಮುದ್ದೆಯಾಗುತ್ತೆ, ದಪ್ಪ ಆದ್ರೆ ಒಳಗಿನ ನೀರು ಹೊರಗೆ ಬರಲ್ಲ. ಅನ್ನ ಬಸಿಯೋ ತೂತಿನ ಪಾತ್ರೆಗೆ ಹಾಕಿ, ಒಂದೂವರೆ ಟೀ ಸ್ಪೂನ್ ಉಪ್ಪು ಉದುರಿಸಿ ಕೈಯಲ್ಲೇ ಮೇಲೆ ಕೆಳಗೆ ಮಾಡಿ, ಕೆಳಗೊಂದು ಬೋಗುಣಿ ಇಟ್ಟು ಅರ್ಧ ಗಂಟೆ ಬಿಡಿ. ಹಾಗಲಕಾಯಿಗೆ ಉಪ್ಪು ಹಾಕಿಡೋ ಕ್ರಮಾನೇ, ಅಲ್ಲಿ ಕಹಿಗೆ, ಇಲ್ಲಿ ನೀರಿಗೆ. ಹತ್ತು ನಿಮಿಷಕ್ಕೆಲ್ಲ ಬಿಲ್ಲೆಗಳ ಮೇಲೆ ಬೆವರಿನ ಹಾಗೆ ಹನಿ ಮೂಡುತ್ತೆ, ಆಮೇಲೆ ಅದೇ ಹನಿಗಳು ಒಂದಕ್ಕೊಂದು ಸೇರಿ ಜಾರಿ ಬೋಗುಣಿಗೆ ಟಪ್ ಟಪ್ ಅಂತ ಬೀಳೋಕೆ ಶುರುವಾಗುತ್ತೆ, ಅರ್ಧ ಗಂಟೆ ಆದ್ಮೇಲೆ ಒಂದು ಬಿಲ್ಲೆ ಎತ್ತಿ ಬಗ್ಗಿಸಿ ನೋಡಿ, ಮೊದಲು ಪಟ್ ಅಂತ ಮುರೀತಿದ್ದಿದ್ದು ಈಗ ಚರ್ಮದ ಥರ ಬಾಗುತ್ತೆ. ಆ ಹದ ಬರ್ಬೇಕು. ಕೆಳಗಿರೋ ನೀರು ಉಪ್ಪುಪ್ಪಾಗಿರುತ್ತೆ, ಚೆಲ್ಲಿ, ಸಾರಿಗೆ ಹಾಕೋಣ ಅಂತ ಎತ್ತಿಡ್ಬೇಡಿ.

ಈಗ ಒಂದು ಹಳೇ ಕಾಟನ್ ಪಂಚೆ ತುಂಡು ಅಥವಾ ಒಗೆದ ಕಿಚನ್ ಟವಲ್ ಮೇಲೆ ಹರವಿ, ಸುತ್ತಿ, ಮೆಲ್ಲಗೆ ಹಿಂಡಿ. ಮೆಲ್ಲಗೆ ಅಂದ್ರೆ ಮೆಲ್ಲಗೆ, ಬಟ್ಟೆ ಒಗೆದ ಹಾಗೆ ತಿರುಚ್ಬೇಡಿ. ಟವಲ್ ಒದ್ದೆ ಆಗುತ್ತೆ, ಮೇಲಿನ ಉಪ್ಪೂ ಒಂದಷ್ಟು ಅದರ ಜೊತೆಗೇ ಹೋಗುತ್ತೆ.

ಇಷ್ಟಕ್ಕೇ ನಿಲ್ಲಿಸ್ಬೇಡಿ, ಎರಡನೇ ಸುತ್ತು ಬಾಣಲೇಲಿ. ಇದ್ದಿದ್ರಲ್ಲಿ ಅಗಲದ ಬಾಣಲೆ ತಗೊಳ್ಳಿ, ಇಕ್ಕಟ್ಟಾದ್ರೆ ಹಬೆ ಅಲ್ಲಲ್ಲೇ ಸುತ್ತಿ ಬಾಡೋ ಬದಲು ಬೇಯುತ್ತೆ. ಎರಡು ಸ್ಪೂನ್ ಬೆಣ್ಣೆ ಹಾಕಿ ಸಣ್ಣಗೆ ಹೆಚ್ಚಿದ ಈರುಳ್ಳಿ ನಾಲ್ಕೈದು ನಿಮಿಷ ಹುರೀರಿ, ಕೆಂಪಗಾಗೋದು ಬೇಡ, ಮೆತ್ತಗಾದ್ರೆ ಸಾಕು, ಬೆಳ್ಳುಳ್ಳಿ ಹಾಕೋರು ಇಲ್ಲೇ ಹಾಕಿ. ಆಮೇಲೆ ಸ್ಕ್ವಾಶ್ ಹಾಕಿ ಉರಿ ಸ್ವಲ್ಪ ಜಾಸ್ತಿ ಮಾಡಿ, ಮುಚ್ಚಳ ಯಾವ ಕಾರಣಕ್ಕೂ ಮುಚ್ಬೇಡಿ, ಹತ್ತು ಹನ್ನೆರಡು ನಿಮಿಷ ಆಗಾಗ ಸಟ್ಟುಗದಲ್ಲಿ ತಿರುವ್ತಾ ಇರಿ. ಶುರುವಲ್ಲಿ ಮತ್ತೆ ನೀರು ಬಿಟ್ಕೊಳ್ಳುತ್ತೆ, ಚೊರಚೊರ ಸದ್ದು ನಿಂತು ತಳದಲ್ಲಿ ಕುದಿಯೋ ಸದ್ದು ಬರುತ್ತೆ, ಆ ನೀರು ಆರಿ ಮತ್ತೆ ಚೊರಚೊರ ಅಂತ ಬೆಣ್ಣೆ ಸದ್ದು ವಾಪಸ್ ಬಂದ್ರೆ ಆಯ್ತು ಅಂತ ಅರ್ಥ. ಸಟ್ಟುಗದಿಂದ ತಳದಲ್ಲಿ ಒಂದು ಗೆರೆ ಎಳೆದ್ರೆ ಗೆರೆ ಹಾಗೇ ಉಳೀಬೇಕು, ನೀರು ಬಂದು ಮುಚ್ಚಬಾರ್ದು. ಹಳಬರು ಅಲ್ಲಿ ಸ್ಕ್ವಾಶನ್ನ ನೀರಲ್ಲಿ ಬೇಯಿಸಿ ಮಸೆದು ಹಾಕ್ತಾರೆ, ಮೊದಲೇ ನೀರಿರೋ ಕಾಯಿಗೆ ಇನ್ನೂ ನೀರು ಯಾಕೆ ಅನ್ನೋದು ನನ್ನ ವಾದ, ಅವ್ರ ಊರಿನ ಅಡುಗೆ ಅವ್ರಿಗೆ ಬಿಟ್ಟಿದ್ದು.

ಬಾಡಿಸಿದ್ದನ್ನ ಮತ್ತೆ ಅದೇ ತೂತಿನ ಪಾತ್ರೆಗೆ ಹಾಕಿ ಹತ್ತು ನಿಮಿಷ ಆರೋಕೆ ಬಿಡಿ. ಬಿಸಿ ಬಿಸಿ ಇರೋವಾಗ್ಲೇ ಮೊಟ್ಟೆಗೆ ಹಾಕಿದ್ರೆ ಮೊಟ್ಟೆ ಅಲ್ಲೇ ಬೆಂದು ಬುರ್ಜಿ ಆಗುತ್ತೆ, ಸವರ್ ಕ್ರೀಮೂ ಒಡೆಯುತ್ತೆ.

ಕಲಸೋದು

ಓವನ್ ಈಗ ಆನ್ ಮಾಡಿ, 350 ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ 175. ದೊಡ್ಡ ಬೋಗುಣಿಯಲ್ಲಿ ಮೊಟ್ಟೆ ಒಡೆದು ಚೆನ್ನಾಗಿ ಕದಡಿ, ಸವರ್ ಕ್ರೀಮ್, ಮಯೋನೀಸ್, ಕಾಳುಮೆಣಸಿನ ಪುಡಿ ಹಾಕಿ ಗಂಟಿಲ್ಲದ ಹಾಗೆ ಮಾಡ್ಕೊಳ್ಳಿ. ಒಂದೂವರೆ ಕಪ್ ಚೀಸ್ ಇದಕ್ಕೆ, ಅರ್ಧ ಕಪ್ ಮೇಲಕ್ಕೆ ಎತ್ತಿಡಿ. ಆರಿದ ಸ್ಕ್ವಾಶ್ ಹಾಕಿ ಹಗುರ ಕೈಯಲ್ಲಿ ಮಗುಚಿ. ನಾನು ಎರಡು ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಾಕ್ತೀನಿ, ಅಲ್ಲಿ ಇದಕ್ಕೆ ಹಲಪೀನ್ಯೊ ಹಾಕೋರು ಇದ್ದಾರೆ, ಹಾಗಾಗಿ ಅಪಚಾರ ಏನಿಲ್ಲ. ಸಾಸಿವೆ ಕರಿಬೇವಿನ ಒಗ್ಗರಣೆ ಕೊಡೋರನ್ನ ನೋಡಿದ್ದೀನಿ, ಕೊಡಬಹುದು, ಆದ್ರೆ ಚೆಡ್ಡರ್ ಮೇಲೆ ಇಂಗು ಮಾತ್ರ ದಯವಿಟ್ಟು ಬೇಡ.

ಮೊಟ್ಟೆ ತಿನ್ನದವ್ರಿಗೆ: ಮೊಟ್ಟೆ ಮಯೋನೀಸ್ ಎರಡೂ ಬಿಟ್ಟು ವೈಟ್ ಸಾಸ್ ಮಾಡ್ಕೊಳ್ಳಿ. ಎರಡು ಟೇಬಲ್ ಸ್ಪೂನ್ ಬೆಣ್ಣೆ ಕರಗಿಸಿ ಅಷ್ಟೇ ಮೈದಾ ಹಾಕಿ ಹಸಿ ವಾಸನೆ ಹೋಗೋವರೆಗೆ ಸಣ್ಣ ಉರಿಯಲ್ಲಿ ಹುರಿದು, ಒಂದು ಕಪ್ ಹಾಲನ್ನ ಸ್ವಲ್ಪ ಸ್ವಲ್ಪವೇ ಸೇರಿಸ್ತಾ ಕೈ ಬಿಡದೆ ತಿರುವಿ, ಸೌಟಿನ ಹಿಂಭಾಗಕ್ಕೆ ದಪ್ಪಗೆ ಅಂಟೋ ಹದಕ್ಕೆ ಬಂದಾಗ ಇಳಿಸಿ ಚೀಸ್ ಸೇರಿಸಿ. ನನ್ನ ಕೇಳಿದ್ರೆ ಮೊಟ್ಟೆ ಹಾಕಿದ್ದಕ್ಕಿಂತ ಇದೇ ಮೆತ್ತಗೆ ಚೆನ್ನಾಗಿರುತ್ತೆ, ಆದ್ರೆ ಕತ್ತರಿಸಿದ್ರೆ ತುಂಡಾಗಿ ನಿಲ್ಲಲ್ಲ, ಸ್ಪೂನಲ್ಲೇ ಬಡಿಸ್ಬೇಕು. ಸವರ್ ಕ್ರೀಮ್ ಈ ಸಾಸ್‌ಗೆ ಕಾಲು ಕಪ್ ಸಾಕು, ಅದೂ ಸಾಸ್ ಆರಿದ್ಮೇಲೆ.

ಮೇಲಿನ ಗರಿಗರಿ ಪದರ

ರಿಟ್ಸ್ ಕ್ರ್ಯಾಕರ್ 1934ರಲ್ಲಿ ಬಂದಿದ್ದು, ಆರ್ಥಿಕ ಕುಸಿತದ ಕಾಲ, ಕಡಿಮೆ ದುಡ್ಡಿಗೆ ಬೆಣ್ಣೆ ರುಚಿಯ ಬಿಸ್ಕತ್ ಅಂತ ಮನೆ ಮನೆಗೂ ಹೋಯ್ತು, ಆವಾಗಿಂದ ಕ್ಯಾಸರೋಲ್‌ಗಳ ತಲೆ ಮೇಲೆ ಕೂತಿದೆ. ಪೊಟ್ಟಣದ ಒಳಗೇ ಕೈಯಲ್ಲಿ ಒತ್ತಿ ಪುಡಿ ಮಾಡಿ, ಹಿಟ್ಟಾಗಬಾರ್ದು, ಅವಲಕ್ಕಿ ಗಾತ್ರದ ಚೂರು ಉಳೀಬೇಕು. ಕರಗಿಸಿದ ಎರಡು ಸ್ಪೂನ್ ಬೆಣ್ಣೆ ಕಲಸಿ. ಬೆಂಗಳೂರಲ್ಲಿ ಮಾಡೋರು ಮೊನಾಕೊ ಬಿಸ್ಕತ್ ಹಾಕಿ, ಹೆಚ್ಚುಕಮ್ಮಿ ಅದೇ ಕೆಲಸ ಮಾಡುತ್ತೆ, ಉಪ್ಪು ಸ್ವಲ್ಪ ಮುಂದಿರುತ್ತೆ ಅಷ್ಟೇ. ಸಿಹಿ ಇಲ್ಲದ ರಸ್ಕ್ ಸಿಕ್ರೆ ಅದೂ ಆಗುತ್ತೆ.

ಬೆಣ್ಣೆ ಸವರಿದ ಎರಡು ಲೀಟರ್ ಹಿಡಿಯೋ ಗಾಜಿನ ಟ್ರೇಗೆ ಮಿಶ್ರಣ ಹಾಕಿ ಸಮ ಮಾಡಿ. ಎರಡಿಂಚಿಗಿಂತ ದಪ್ಪ ಬೇಡ, ಮಧ್ಯ ಬೇಯೋಷ್ಟರಲ್ಲಿ ಅಂಚು ಒಣಗುತ್ತೆ. ಎತ್ತಿಟ್ಟ ಚೀಸ್, ಅದರ ಮೇಲೆ ಬಿಸ್ಕತ್ ಪುಡಿ.

ಓವನ್‌ನ ಮಧ್ಯದ ಹಂತದಲ್ಲಿ, ಮುಚ್ಚದೆ, 25ರಿಂದ 30 ನಿಮಿಷ. ಅಂಚಲ್ಲಿ ಗುಳುಗುಳು ಅಂತ ಗುಳ್ಳೆ ಬರ್ಬೇಕು, ಮೇಲೆ ಹೊಂಬಣ್ಣ, ಟ್ರೇ ಅಲ್ಲಾಡಿಸಿದ್ರೆ ಮಧ್ಯದಲ್ಲಿ ನೀರಿನ ಥರ ತುಳುಕಬಾರ್ದು. ಥರ್ಮಾಮೀಟರ್ ಇರೋರು ಮಧ್ಯಕ್ಕೆ ಚುಚ್ಚಿ ನೋಡಿ, ಮೊಟ್ಟೆ ಹಾಕಿದ್ರೆ 160 ಫ್ಯಾರನ್‌ಹೀಟ್, ಅಂದ್ರೆ 71 ಸೆಲ್ಸಿಯಸ್ ದಾಟಿರ್ಬೇಕು. ಓಟಿಜಿಯಲ್ಲಿ, ಅಂದ್ರೆ ಮೇಜಿನ ಮೇಲಿಡೋ ಪುಟ್ಟ ಓವನ್‌ನಲ್ಲಿ ಮಾಡೋವಾಗ ಮೇಲಿನ ರಾಡ್ ಹತ್ರ ಇರೋದ್ರಿಂದ ಪುಡಿ ಬೇಗ ಕಪ್ಪಾಗುತ್ತೆ, ಹದಿನೈದು ನಿಮಿಷಕ್ಕೆ ಒಂದ್ಸಲ ಇಣುಕಿ, ಬಣ್ಣ ಆಗ್ಲೇ ಬಂದಿದ್ರೆ ಫಾಯಿಲ್ ಸಡಿಲವಾಗಿ ಮೇಲಿಡಿ. ಮೈಕ್ರೋವೇವ್ ಇರೋರು ಕನ್ವೆಕ್ಷನ್ ಮೋಡ್‌ಗೇ ಹಾಕಿ, ಬರೀ ಮೈಕ್ರೋ ಮೋಡ್‌ನಲ್ಲಿ ಈ ಗರಿಗರಿ ಬರೋದು ಕನಸಿನ ಮಾತು.

ತೆಗೆದ ಕೂಡ್ಲೇ ಮುಗಿಬೀಳ್ಬೇಡಿ. ಹತ್ತು ಹದಿನೈದು ನಿಮಿಷ ಹಾಗೇ ಬಿಟ್ರೆ ಚೀಸ್ ಸ್ವಲ್ಪ ಬಿಗಿಯಾಗಿ ಎಲ್ಲಾ ಕೂಡ್ಕೊಳ್ಳುತ್ತೆ, ಬಿಸಿಯಲ್ಲೇ ಬಡಿಸಿದ್ರೆ ಸರಿಯಾಗಿ ಮಾಡಿದ್ದೂ ನೀರಾಗಿ ಕಾಣುತ್ತೆ.

ಬೆಂಗಳೂರಲ್ಲಿ ಯಾವ ಕಾಯಿ ಹಾಕೋದು

ಹಳದಿ ಮತ್ತೆ ಹಸಿರು ಝುಕಿನಿ ಈಗ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತೆ, ಇದೇ ಅಳತೆ ಇದೇ ಕ್ರಮ. ದುಡ್ಡು ಜಾಸ್ತಿ ಅನ್ನಿಸಿದ್ರೆ ಎಳೆ ಸೋರೆಕಾಯಿ ತಗೊಳ್ಳಿ, ಸಿಪ್ಪೆ ತಿರುಳು ತೆಗೆದು ಮಾಡಿ, ಕಹಿ ಪರೀಕ್ಷೆ ಇದಕ್ಕೆ ಇನ್ನೂ ಮುಖ್ಯ. ಸೀಮೆಬದನೆಕಾಯಿ ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತೆ, ಅದೂ ಸ್ಕ್ವಾಶ್ ಹಾಗೇ ಮೆಕ್ಸಿಕೊ ಕಡೆಯಿಂದ ಬಂದು ನಮ್ಮ ಹುಳಿಯಲ್ಲಿ ಸೇರ್ಕೊಂಡ ಕಾಯಿ, ಸ್ವಲ್ಪ ಗಟ್ಟಿ, ನೀರು ಕಡಿಮೆ ಬಿಡುತ್ತೆ. ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ ಏಳೆಂಟು ನಿಮಿಷ ಹಬೆಯಲ್ಲಿ ಬೇಯಿಸಿ ಆಮೇಲೆ ಬಾಡಿಸಿ, ಉಪ್ಪಲ್ಲಿ ನೆನೆಸೋದು ಬೇಕಿಲ್ಲ, ಕಲಸೋವಾಗ ಅರ್ಧ ಟೀ ಸ್ಪೂನ್ ಉಪ್ಪು ಹಾಕಿ. ಹೀರೇಕಾಯಿ ಬೇಡ, ನಾರು. ಸಿಹಿಗುಂಬಳ ಬೇರೆ ಅಡುಗೆ. ಅಂಗಡಿ ಪ್ರೊಸೆಸ್ಡ್ ಚೀಸ್ ಬ್ಲಾಕ್ ಹಾಕಿದ್ರೆ ನುಣ್ಣಗೆ ಕರಗುತ್ತೆ, ಆದ್ರೆ ಶಾರ್ಪ್ ಚೆಡ್ಡರ್‌ನ ಹುಳಿ ಖಾರದ ಘಾಟು ಇರಲ್ಲ, ಅದಕ್ಕೆ ಅರ್ಧ ಸ್ಪೂನ್ ಸಾಸಿವೆ ಪೇಸ್ಟ್ ಸೇರಿಸಿದ್ರೆ ಹತ್ರ ಹತ್ರ ಬರುತ್ತೆ.

ಪಾಟ್‌ಲಕ್‌ಗೆ ಒಯ್ಯೋರು, ಮಿಕ್ಕಿದ್ದನ್ನ ಇಡೋರು

ಪಾಟ್‌ಲಕ್ ಅಂದ್ರೆ ಎಲ್ರೂ ಒಂದೊಂದು ಅಡುಗೆ ತಂದು ಹಂಚ್ಕೊಂಡು ತಿನ್ನೋ ಊಟ. ಅದಕ್ಕಾದ್ರೆ ಹಿಂದಿನ ರಾತ್ರಿ ಕಲಸಿ ಟ್ರೇಗೆ ಹಾಕಿ ಫ್ರಿಜ್‌ನಲ್ಲಿಡಬಹುದು, ಬಿಸ್ಕತ್ ಪುಡಿ ಮಾತ್ರ ಬೇರೆ ಡಬ್ಬೀಲಿ, ಓವನ್‌ಗೆ ಇಡೋ ಮುಂಚೆ ಉದುರಿಸಿ, ಹತ್ತು ನಿಮಿಷ ಜಾಸ್ತಿ ಬೇಯಿಸಿ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡ್ಬೇಡಿ, ಜುಲೈ ಪಿಕ್ನಿಕ್‌ನಲ್ಲಿ 90 ಫ್ಯಾರನ್‌ಹೀಟ್ ದಾಟಿದ್ರೆ ಒಂದೇ ಗಂಟೆ. ಅಲ್ಲಿ ಬೇರೆಯವ್ರು ತಂದಿರೋ ಸ್ಕ್ವಾಶ್ ಕ್ಯಾಸರೋಲ್ ತಟ್ಟೆಗೆ ಹಾಕ್ಕೊಳ್ಳೋ ಮುಂಚೆ ಸಸ್ಯಾಹಾರಿಗಳು ಒಂದ್ಮಾತು ಕೇಳಿ, ಎಷ್ಟೋ ಮನೆಗಳಲ್ಲಿ ಬೇಕನ್ ಕೊಬ್ಬಲ್ಲೇ ಈರುಳ್ಳಿ ಬಾಡಿಸ್ತಾರೆ, ಇಲ್ಲಾ ಡಬ್ಬಿ ಚಿಕನ್ ಸೂಪ್ ಸುರೀತಾರೆ, ನೋಡಿದ್ರೆ ಗೊತ್ತಾಗಲ್ಲ.

ಮನೇಲಿ ಬಿಸಿ ಅನ್ನ, ತಿಳಿ ಟೊಮೇಟೊ ಸಾರು, ಪಲ್ಯದ ಜಾಗದಲ್ಲಿ ಇದು: ಒಂದ್ಸಲ ಹಾಕ್ಕೊಂಡು ನೋಡಿ, ಸಾರಿನ ಹುಳಿಗೂ ಚೀಸಿಗೂ ಒಳ್ಳೆ ಜೋಡಿ. ಮಿಕ್ಕಿದ್ದು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತೆ, ಫ್ರೀಜರ್‌ಗೆ ಬೇಡ, ಕರಗಿದಾಗ ಸವರ್ ಕ್ರೀಮ್ ಒಡೆದು ಇಷ್ಟು ಕಷ್ಟಪಟ್ಟು ತೆಗೆದ ನೀರೆಲ್ಲ ವಾಪಸ್ ಬಂದಿರುತ್ತೆ. ಮತ್ತೆ ಬಿಸಿ ಮಾಡೋಕೆ ಓವನ್ನೇ ವಾಸಿ, ಮೈಕ್ರೋವೇವ್‌ನಲ್ಲಿ ಮೇಲಿನ ಪುಡಿ ಮೆತ್ತಗಾಗುತ್ತೆ. ಇಲ್ಲಾಂದ್ರೆ ಎರಡು ಬ್ರೆಡ್ ಮಧ್ಯೆ ಇಟ್ಟು ದೋಸೆ ಕಾವಲಿ ಮೇಲೆ ತುಪ್ಪ ಹಾಕಿ ಒತ್ತಿ ಟೋಸ್ಟ್ ಮಾಡಿ, ಮಕ್ಕಳು ಸ್ಕ್ವಾಶ್ ಇದೆ ಅಂತ ಕಂಡುಹಿಡಿಯೋ ಮೊದಲೇ ಖಾಲಿ ಆಗುತ್ತೆ.